ಅನುವಾದ ಯಂತ್ರ ಮತ್ತು ನನ್ನ ಸಂಬಳ

ಕಚೇರಿಗೆ ಹೊಸ ಯಂತ್ರ ಬಂದಾಗೆಲ್ಲ ಒಬ್ಬರ ಸಂಬಳ ಏರುತ್ತದೆ, ಇನ್ನೊಬ್ಬರದು ಇಳಿಯುತ್ತದೆ. ನಾನು ಇಳಿದವರ ಪೈಕಿ. ಆದರೂ ಆ ದಿನಗಳನ್ನು ನೆನೆದರೆ ನಗುವೇ ಬರುತ್ತದೆ.

ಬರೀ ಕಣ್ಣಾಡಿಸಿ

ದೆಹಲಿಯ ಮಯೂರ್ ವಿಹಾರದಿಂದ ಮೆಟ್ರೊ ಹಿಡಿದು ನೋಯ್ಡಾದ ಅನುವಾದ ಕಚೇರಿಗೆ ಹೋಗುತ್ತೇನೆ. ಮಿಕ್ಸಿ, ಗೀಸರ್‌ಗಳ ಜೊತೆ ಬರುವ ಪುಸ್ತಿಕೆಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಕಳೆದ ವರ್ಷ ಅನುವಾದದ ಸಾಫ್ಟ್‌ವೇರ್ ಬಂತು. ಮ್ಯಾನೇಜರ್ ಕರೆದು, ಇನ್ನು ಬರೆಯುವ ಶ್ರಮವಿಲ್ಲ, ಬರೀ ಕಣ್ಣಾಡಿಸಿದರೆ ಸಾಕು, ಆದ್ದರಿಂದ ಸಂಬಳ ಅರ್ಧ ಎಂದರು. ಸಾಫ್ಟ್‌ವೇರ್ ನಡೆಸಲು ಬಂದ ಹುಡುಗಿಗೆ ನನ್ನ ಹಳೆಯ ಸಂಬಳದ ಎರಡರಷ್ಟು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು, "ಹಾಗಾದರೆ ತರಕಾರಿ ಭಯ್ಯಾನ ಗಾಡಿಗೂ ಇನ್ನು ಬರೀ ಕಣ್ಣಾಡಿಸಿ ಬರೋಣ," ಎಂದಳು.

ಬಡಾ

ಆ ಹುಡುಗಿಯ ಅಪ್ಪ ಅಮ್ಮ ಧಾರವಾಡದವರು. ಅವಳು ಬೆಳೆದದ್ದು ಲೋಧಿ ಕಾಲೋನಿಯಲ್ಲಿ. ಕನ್ನಡ ಅರ್ಥವಾಗುತ್ತದೆ, ಮಾತಾಡಲು ಹೋದರೆ ಹಿಂದಿ ನುಗ್ಗುತ್ತದೆ. ಒಂದು ದಿನ ತಾನಾಗಿಯೇ ಬಂದು, ದಿನಾ ಊಟದ ಬಿಡುವಿನಲ್ಲಿ ಸಾಫ್ಟ್‌ವೇರ್ ಕಲಿಸುತ್ತೇನೆ ಎಂದಳು. ನನಗ್ಯಾಕೆ ಇಷ್ಟು ಉಪಕಾರ ಎಂದು ಕೇಳಿದೆ.

"ಅಂಕಲ್, ನೀವು ನನಗಿಂತ ಬಡಾ ಅಲ್ವಾ?"

ಅವಳು ಹೇಳಿದ್ದು ಹಿಂದಿಯ ಬಡಾ, ದೊಡ್ಡವರು ಅಂತ. ನನ್ನ ಕಿವಿ ಮಾತ್ರ ಕನ್ನಡದ್ದು.

"ಹೌದಮ್ಮ," ಎಂದೆ, "ಹೋದ ತಿಂಗಳಿಂದ."

ಓಡುವ ವಿಧಾನ

ಎರಡು ತಿಂಗಳು ಬೇಸರವಿಲ್ಲದೆ ಕಲಿಸಿದಳು. ಅಷ್ಟರಲ್ಲಿ ಕಣ್ಣಾಡಿಸುವುದೂ ದಂಡ ಎಂದು ಮ್ಯಾನೇಜರಿಗೆ ಅನಿಸಿತು. ಅಂಕಲ್ ಓದುವ ಮೊದಲು ಕಳಿಸಬೇಡಿ ಎಂದು ಹುಡುಗಿ ಹೇಳಿದರೂ ಕೇಳದೆ, ಒಂದು ವಾಷಿಂಗ್ ಮಷೀನಿನ ಪುಸ್ತಿಕೆಯನ್ನು ನೇರ ಅಚ್ಚಿಗೆ ಕಳಿಸಿದರು. ಮೊದಲ ಸಲ ಬಟ್ಟೆ ಹಾಕದೆ ಮಷೀನ್ ಓಡಿಸಿ ಎಂದಿರಬೇಕಾದ ಕಡೆ ಯಂತ್ರ ಬರೆದಿತ್ತು: "ಮೊದಲ ಸಲ ಬಟ್ಟೆಯಿಲ್ಲದೆ ಓಡಿರಿ."

ಸ್ವಲ್ಪ ದಿನಕ್ಕೆ ತುಮಕೂರಿನಿಂದ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿದರು. ಕನ್ನಡದ ಕರೆ ಎಂದು ಮಷೀನ್ ಕಂಪನಿಯವರು ಅದನ್ನು ನಮ್ಮ ಕಚೇರಿಗೇ ತಿರುಗಿಸಿದ್ದರು. ಮೇಷ್ಟ್ರು ಬಹಳ ಮರ್ಯಾದೆಯಿಂದ ಕೇಳಿದರು: "ಮನೆಯವರೆಲ್ಲ ಓಡಬೇಕೋ, ಮಷೀನ್ ಕೊಂಡವರು ಮಾತ್ರವೋ?"

ಹುಡುಗಿ ಅದನ್ನು ಹಿಂದಿಯಲ್ಲಿ ಹೇಳುತ್ತಿದ್ದಂತೆ ಮ್ಯಾನೇಜರ್ ಕುರ್ಚಿ ಹಿಡಿದು ಕೂತರು. ಅವಳು ಅಲ್ಲಿಗೇ ಬಿಡಲಿಲ್ಲ. ತಿದ್ದುವವರಿಗೆ ಅರ್ಧ ಸಂಬಳ ಕೊಟ್ಟರೆ ಹೀಗೇ ಆಗುವುದು, ಅಂಕಲ್‌ಗೂ ನನ್ನಷ್ಟೇ ಕೊಡಿ ಎಂದು ಪಟ್ಟು ಹಿಡಿದಳು. ಅವಳಷ್ಟು ಸಿಗಲಿಲ್ಲ, ಆದರೆ ಹಳೆಯ ಸಂಬಳ ಮರಳಿ ಬಂತು, ಮೇಲೆ ಸ್ವಲ್ಪ ಸೇರಿಯೂ ಬಂತು. ನನಗಾಗಿ ಬಾಯಿಬಿಟ್ಟು ಕೇಳಿದವರು ಆ ಕಚೇರಿಯಲ್ಲಿ ಅವಳೊಬ್ಬಳೇ. ಅದನ್ನು ಮರೆಯಲಾರೆ.

ಮೇಷ್ಟ್ರಿಗೂ ಫೋನ್ ಮಾಡಿ, ನಿಮ್ಮಿಂದ ನನ್ನ ಅನ್ನ ಉಳಿಯಿತು ಎಂದು ಕೈಮುಗಿದೆ.

"ಸಂತೋಷ ಸ್ವಾಮಿ," ಎಂದರು. "ಆದರೆ ನನ್ನ ಪಾಲಿನದು ಓಡಿ ಮುಗಿಸಿಯೇ ನಿಮಗೆ ಫೋನ್ ಮಾಡಿದ್ದೆ."