ಪಾಚಿ ಸಾರು ಕುಡಿದು ಬರೆದ ಪರೀಕ್ಷೆ

ನಮ್ಮ ಮನೆಯವರಿಗೆ ಸಿದ್ಧಾಂತಗಳೆಂದರೆ ಆಗುವುದಿಲ್ಲ. ಊಟದ ಮೇಜಿನ ಮೇಲಂತೂ ಸುತರಾಂ ಆಗುವುದಿಲ್ಲ. ಅನ್ನ ಆರುತ್ತದಂತೆ. ಚೊಂಗ್ಜುವಿನ ವಿಶ್ವವಿದ್ಯಾಲಯದಲ್ಲಿ ಜೀವಮಾನವಿಡೀ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಊಟದ ಮೇಜು ಬಿಟ್ಟರೆ ಇನ್ನೆಲ್ಲಿ ಪಾಠ ಮಾಡಲಿ?

ಮಾರ್ಚ್‌ನಲ್ಲಿ ಕಾಲೇಜು ಶುರುವಾಗುವ ಹೊತ್ತಿಗೆ ನಾನು ಮಂಡಿಸಿದ ಸಿದ್ಧಾಂತ ಇಷ್ಟೇ: ತಮ್ಮ ಫೀಸನ್ನು ತಾವೇ ಹೊಂದಿಸಿಕೊಳ್ಳುವವರು ಚೆನ್ನಾಗಿ ಓದುತ್ತಾರೆ, ಬೇರೆಯವರು ಕಟ್ಟಿದರೆ ಉಗುರಿಗೆ ಬಣ್ಣ ಹಚ್ಚಿಕೊಂಡು ಕೂರುತ್ತಾರೆ. (ಉಗುರಿನ ವಿಷಯ ಸಿದ್ಧಾಂತದ ಭಾಗವಲ್ಲ. ಎದುರಿಗೆ ಕುಳಿತಿದ್ದ ಮೊಮ್ಮಗಳು ಸೊದಾಮಳ ಉಗುರುಗಳು ನೇರಳೆ ಬಣ್ಣದಲ್ಲಿದ್ದವು.)

ಸೊದಾಮ್ ನನ್ನ ಮಗನ ಮಗಳು. ಮಗ ಉಲ್ಸಾನ್‌ನಲ್ಲಿ ನೂಡಲ್ ಅಂಗಡಿ ಇಟ್ಟಿದ್ದಾನೆ. ಅಂಗಡಿ ಅವನನ್ನು ಸಾಕುತ್ತಿದೆಯೋ ಅವನು ಅಂಗಡಿಯನ್ನು ಸಾಕುತ್ತಿದ್ದಾನೋ ಇನ್ನೂ ತೀರ್ಮಾನವಾಗಿಲ್ಲ. ಹಾಗಾಗಿ ಹುಡುಗಿ ನಮ್ಮ ಮನೆಯಲ್ಲಿದ್ದು ಅರ್ಥಶಾಸ್ತ್ರ ಓದುತ್ತಾಳೆ. ಫೀಸು ನನ್ನ ಪಿಂಚಣಿಯಿಂದ ಹೋಗುತ್ತಿತ್ತು.

"ಮುಂದಿನ ಅವಧಿಯ ಫೀಸು ನಾನು ಕಟ್ಟೋದಿಲ್ಲ" ಎಂದೆ. "ವಿಭಾಗದಲ್ಲಿ ಮೊದಲ ಮೂವರಲ್ಲಿ ಒಬ್ಬಳಾಗು, ಪೂರ್ತಿ ಮಾಫಿ ಸಿಗುತ್ತೆ. ಇಲ್ಲದಿದ್ದರೆ ಒಂದು ಅವಧಿ ರಜೆ ಹಾಕಿ ದುಡಿದು ಕಟ್ಟು."

ಸೊದಾಮ್ ಚಮಚ ಕೆಳಗಿಟ್ಟಳು. "ಅಜ್ಜಿ, ನೀವು ಓದುವಾಗ ಫೀಸು ಯಾರು ಕಟ್ಟಿದ್ರು?"

"ನಮ್ಮಪ್ಪ ಎತ್ತು ಮಾರಿ ಕಟ್ಟಿದರು. ಆಗ ಎಲ್ಲರ ಮನೆಯಲ್ಲೂ ಹಾಗೇ."

"ಅಂದ್ರೆ ಕಟ್ಟಿದ್ದು ಎತ್ತು."

"ನಿಮ್ಮಜ್ಜಿ ಸಿದ್ಧಾಂತದ ಪ್ರಕಾರ ಫಸ್ಟ್ ರ‍್ಯಾಂಕ್ ಆ ಎತ್ತಿಗೇ ಬರಬೇಕಿತ್ತು" ಎಂದರು ಮನೆಯವರು, ಮೂಲಂಗಿ ಕಿಮ್ಚಿ ಕಡಿಯುತ್ತ. ಅಂಚೆ ಇಲಾಖೆಯಲ್ಲಿದ್ದವರು, ವಿಷಯವನ್ನು ಸೀದಾ ತಪ್ಪು ವಿಳಾಸಕ್ಕೆ ತಲುಪಿಸುವುದು ಅವರಿಗೆ ಅಭ್ಯಾಸವಾಗಿಬಿಟ್ಟಿದೆ.

ನಾನು ಜಗ್ಗಲಿಲ್ಲ. ಆದರೆ ಸಿದ್ಧಾಂತ ಜಾರಿಗೆ ಬಂದ ಮೇಲೆ ಕೆಟ್ಟದ್ದು ನನ್ನ ನೆಮ್ಮದಿ. ಹುಡುಗಿ ಉಗುರಿನ ಬಣ್ಣ ಅಳಿಸಿದಳು. ಅಷ್ಟಕ್ಕೇ ನಿಲ್ಲಿಸದೆ, ಮಾಫಿ ಸಿಗದಿದ್ದರೆ ಇರಲಿ ಎಂದು ಕೋಳಿ ಹುರಿಯುವ ಅಂಗಡಿಯಲ್ಲಿ ಸಂಜೆಯ ಕೆಲಸಕ್ಕೂ ಸೇರಿಬಿಟ್ಟಳು. ಮೈಯೆಲ್ಲ ಎಣ್ಣೆ ವಾಸನೆ ಹೊತ್ತು ಬರುವಳು. ಅನ್ನದ ಬಟ್ಟಲಿನ ಮುಂದೆಯೇ ತೂಕಡಿಸುವಳು. ಇಲ್ಲೇ ತೂಕಡಿಸುವವಳು ತರಗತಿಯಲ್ಲಿ ಗೊರಕೆ ಹೊಡೆಯದೆ ಇರುತ್ತಾಳೆಯೇ? ರಜೆ ಹಾಕಿದವರಲ್ಲಿ ಎಷ್ಟೋ ಮಂದಿ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತದೇ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇವಳು ಎಣ್ಣೆ ಬಾಣಲೆಯ ಮುಂದೆಯೇ ಮುದುಕಿಯಾಗುವ ಚಿತ್ರ ಹಗಲುಹೊತ್ತಿನಲ್ಲೇ ಕಣ್ಣೆದುರು ಬರತೊಡಗಿತು.

"ಫೀಸು ಕಟ್ಟಿಬಿಡು ಮಾರಾಯ್ತಿ" ಎಂದರು ಮನೆಯವರು.

"ಪ್ರಯೋಗ ಅರ್ಧಕ್ಕೆ ನಿಲ್ಲಿಸೋಕಾಗಲ್ಲ ರೀ."

ನಿಲ್ಲಿಸಲಾಗದಿದ್ದರೇನು, ಹತ್ತಿರದಿಂದ ನೋಡಬಹುದಲ್ಲ? ನಮ್ಮ ವಿಶ್ವವಿದ್ಯಾಲಯದಲ್ಲಿ ಅರವತ್ತು ದಾಟಿದವರು ಅರ್ಧ ಫೀಸು ಕಟ್ಟಿ ಬೇಕಾದ ಒಂದು ವಿಷಯದ ತರಗತಿಗೆ ಸೇರಬಹುದು. ಸೊದಾಮಳಿಗೆ ಅತಿ ಕಷ್ಟವೆನಿಸಿದ್ದ ಆರ್ಥಿಕ ಇತಿಹಾಸಕ್ಕೇ ಸೇರಿದೆ. ಅವಳ ಬೆನ್ನ ಹಿಂದೆಯೇ ಕುಳಿತೆ. ತಲೆ ವಾಲಿದರೆ ಪೆನ್ಸಿಲ್ಲಿನಿಂದ ತಿವಿಯುವುದು ನನ್ನ ಕಾರ್ಯಕ್ರಮ. ಪಾಠ ಮಾಡುತ್ತಿದ್ದ ಪ್ರೊಫೆಸರ್ ಪ್ಯೊನ್ ಹಿಂದೆ ನನ್ನ ಕೈಯಲ್ಲಿ ಗಣಿತ ಕಲಿತವನು. ಮೊದಲ ದಿನ ನನ್ನನ್ನು ಕಂಡವನೇ ಸೊಂಟ ಮುರಿಯುವಷ್ಟು ಬಾಗಿ ನಮಸ್ಕರಿಸಿ, ಆಮೇಲೆ ಬೋರ್ಡಿನ ಮೇಲೆ ಬರೆದಿದ್ದನ್ನೆಲ್ಲ ಅಳಿಸಿ ಮತ್ತೊಮ್ಮೆ ಬರೆದ.

"ಅಜ್ಜಿ, ಪ್ರಾಣ ಬೇಕಾದ್ರೂ ಕೇಳಿ, ಕೊಡ್ತೀನಿ. ಕ್ಲಾಸಿಗೆ ಬರಬೇಡಿ" ಎಂದಳು ಸೊದಾಮ್.

"ಪ್ರಾಣ ನಿನ್ನ ಹತ್ತಿರವೇ ಇರಲಿ. ನೋಟ್ಸ್ ತೋರಿಸು."

ಅರ್ಧಾವಧಿ ಪರೀಕ್ಷೆಯ ಫಲಿತಾಂಶ ಬಂತು. ಮಿಕ್ಕ ವಿಷಯಗಳಲ್ಲೆಲ್ಲ ಅವಳು ಮುಂದಿದ್ದಳು. ಆರ್ಥಿಕ ಇತಿಹಾಸದಲ್ಲಿ ಮಾತ್ರ ಹತ್ತನೆಯವಳು. ನಮ್ಮಲ್ಲಿ ಎ ಶ್ರೇಣಿ ಎನ್ನುವುದು ಅಂಕ ನೋಡಿ ಕೊಡುವಂಥದ್ದಲ್ಲ. ತಲೆ ಎಣಿಸಿ, ನೂರಕ್ಕೆ ಮೂವತ್ತರಂತೆ ಕೊಡುವಂಥದ್ದು. ಮೂವತ್ತು ಜನರ ತರಗತಿಯಲ್ಲಿ ಒಂಬತ್ತೇ ಮಂದಿಗೆ ಎ. ಹತ್ತನೆಯವರು ಬೃಹಸ್ಪತಿಯಾದರೂ ಬಿ. (ಈ ನಿಯಮ ನಮ್ಮ ವಿಶ್ವವಿದ್ಯಾಲಯಕ್ಕೆ ಬರಬೇಕೆಂದು ಸಭೆಗಳಲ್ಲಿ ಮೇಜು ಕುಟ್ಟಿದವಳು ನಾನೇ. ಈಗಲೂ ಒಳ್ಳೆಯ ನಿಯಮವೆಂದೇ ನನ್ನ ಅಭಿಪ್ರಾಯ.) ಇದೊಂದು ಬಿ ಬಂದರೆ ಮಾಫಿ ಕೈತಪ್ಪುವುದು ಖಚಿತ.

"ಮೊದಲನೇ ಸ್ಥಾನ ಯಾರದ್ದು ಅಂತ ಕೇಳಲ್ವಾ ಅಜ್ಜಿ?" ಸೊದಾಮಳ ದನಿ ವಿಪರೀತ ಮೆತ್ತಗಿತ್ತು.

ಕೇಳಬೇಕಾಗಿರಲಿಲ್ಲ. ನನ್ನದೇ.

ಮನೆಯವರು ನಗುವುದಕ್ಕೆಂದು ಅಡುಗೆಮನೆಗೆ ಹೋದರು.

ಮರುದಿನವೇ ಪ್ಯೊನ್‌ನ ಕೋಣೆಗೆ ಓಡಿದೆ. "ನನ್ನ ಹೆಸರು ತೆಗೆದುಹಾಕಪ್ಪ, ನಾನು ಬಿಡ್ತೀನಿ."

ಅವನು ಬೆವರಿದ. "ಗುರುಗಳೇ, ನೀವು ಬಿಟ್ರೆ ಇಪ್ಪತ್ತೊಂಬತ್ತು ಜನ ಆಗ್ತಾರೆ. ಆಗ ಎ ಎಂಟೇ ಜನಕ್ಕೆ. ಭಿನ್ನಾಂಕ ಉಳಿದರೆ ಕೆಳಕ್ಕೇ ಇಳಿಸಬೇಕು ಅಂತ ನಿಯಮ ಮಾಡಿದ್ದು..." ಎಂದು ನುಡಿದು, ಯಾರು ಮಾಡಿದ್ದೆಂದು ಹೇಳದೆ ಕಿಟಕಿಯಾಚೆ ನೋಡಿದ.

ಅಂದರೆ ನಾನು ತರಗತಿಯಲ್ಲಿ ಇರಲೇಬೇಕು. ಇದ್ದೂ ಸೊದಾಮಳಿಗಿಂತ ಕೆಳಗಿರಬೇಕು. ಅಂತಿಮ ಪರೀಕ್ಷೆಯಲ್ಲಿ ನಾನು ಹದಗೆಡಿಸಿ ಬರೆದರೆ ಸಾಕು, ಹುಡುಗಿ ಒಂದು ಮೆಟ್ಟಿಲು ಮೇಲೇರುತ್ತಾಳೆ. ಇಷ್ಟು ಸುಲಭದ ಲೆಕ್ಕ! ಆದರೂ ಆ ತಿಂಗಳೆಲ್ಲ ನನಗೆ ಊಟ ಸೇರಲಿಲ್ಲ. ತಪ್ಪು ಬರೆಯುವುದು ಹೇಗೆಂದು ಯಾರೂ ನನಗೆ ಕಲಿಸಿರಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿದೆ. ಕೈ ತಾನಾಗಿ ಹಿಂದೆ ಹೋಗಿ ತಿದ್ದುತ್ತಿತ್ತು.

ಪರೀಕ್ಷೆಯ ಬೆಳಿಗ್ಗೆ ಮೇಜಿನ ಮೇಲೆ ಸೊದಾಮಳ ಮುಂದೆ ಅಂಟು ಮಿಠಾಯಿ ಇತ್ತು, ಓದಿದ್ದು ತಲೆಗೆ ಅಂಟಿಕೊಳ್ಳಲೆಂದು. ನನ್ನ ಮುಂದೆ ಸಮುದ್ರದ ಪಾಚಿಯ ಸಾರು. ಪರೀಕ್ಷೆಯ ದಿನ ಈ ಊರಿನಲ್ಲಿ ಯಾವ ತಾಯಿಯೂ ಒಲೆಗೆ ಇಡದ ಸಾರು. ಕುಡಿದರೆ ಓದಿದ್ದೆಲ್ಲ ಅದರಂತೆಯೇ ಜಾರಿಹೋಗುತ್ತದೆ ಎಂದು ನಂಬಿಕೆ.

"ಇದೆಲ್ಲ ಮೂಢನಂಬಿಕೆ" ಎಂದೆ.

"ಹಾಗಾದ್ರೆ ಕುಡಿಯೋಕೇನು ಕಷ್ಟ, ಪ್ರೊಫೆಸರಮ್ಮ?" ಎಂದರು ಮನೆಯವರು.

"ಇನ್ನೊಂದು ಬಟ್ಟಲು ಹಾಕಲಾ ಅಜ್ಜಿ?" ಎಂದಳು ಸೊದಾಮ್. ನಾನು ಎರಡನೆಯ ಬಟ್ಟಲನ್ನೂ ಖಾಲಿ ಮಾಡಿದೆ.

ಪ್ರಶ್ನೆಪತ್ರಿಕೆ ಬಂತು. ಐದು ಪ್ರಶ್ನೆ. ಒಂದನ್ನೂ ಸರಿಯಾಗಿ ಬರೆಯಬಾರದೆಂದು ಹಲ್ಲು ಕಚ್ಚಿ ಕುಳಿತೆ. ಆದರೆ ಮೊದಲ ಪ್ರಶ್ನೆಯೇ ತಪ್ಪಾಗಿತ್ತು! ಕೊಟ್ಟಿದ್ದ ಕೋಷ್ಟಕದಲ್ಲಿ ಬೆಳೆಯ ಒಟ್ಟು ಮೊತ್ತ ತಾಳೆಯಾಗುತ್ತಿರಲಿಲ್ಲ. ನನ್ನ ಕೈಯಲ್ಲಿ ಕಲಿತವನು ಕೂಡಿಸುವುದರಲ್ಲಿ ಎಡವುವುದೇ? ಅದನ್ನು ತಿದ್ದದೆ ಬಿಡುವುದು ಹೇಗೆ? ತಿದ್ದಿದೆ. ತಿದ್ದಿದ ಮೇಲೆ ಯಾಕೆ ತಿದ್ದಿದೆನೆಂದು ವಿವರಿಸಬೇಡವೇ? ವಿವರಿಸಿದೆ. ವಿವರಣೆ ಎರಡನೆಯ ಪ್ರಶ್ನೆಗೆ ತಾನಾಗಿಯೇ ದಾರಿ ಮಾಡಿಕೊಟ್ಟಿತು... ಗಂಟೆ ಬಾರಿಸಿದಾಗ ನಾನು ಐದನೆಯದರ ಕೊನೆಯ ಸಾಲಿಗೆ ಅಡಿಗೆರೆ ಎಳೆಯುತ್ತಿದ್ದೆ. ತಲೆಯೆತ್ತಿದರೆ ಮುಂದಿನ ಬೆಂಚಿನಿಂದ ಹಿಂದಕ್ಕೆ ತಿರುಗಿ, ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು ಸೊದಾಮ್.

ಫಲಿತಾಂಶ ಮೊಬೈಲಿನಲ್ಲಿ ಬಂತು. ಸೊದಾಮ್ ಹತ್ತನೆಯವಳು. ಬಿ. ಮಾಫಿ ಇಲ್ಲ. ಮೊದಲ ಸ್ಥಾನ ಪಡೆದ ಹಿರಿಯ ನಾಗರಿಕ ವಿದ್ಯಾರ್ಥಿನಿಗೆ ಮುಂದಿನ ಅವಧಿಯಲ್ಲಿ ಸಂಪೂರ್ಣ ಶುಲ್ಕ ವಿನಾಯಿತಿ ನೀಡಲು ವಿಶ್ವವಿದ್ಯಾಲಯ ಹರ್ಷಿಸುತ್ತಿತ್ತು. ಬೇರೆಯವರ ಹೆಸರಿಗೆ ವರ್ಗಾಯಿಸಲು ಬರುವುದಿಲ್ಲವಂತೆ. ಮನೆಯವರು ಫೋನು ಮಾಡಿ ವಿಚಾರಿಸಿದರು.

ಅತ್ತುಬಿಡುತ್ತಾಳೆಂದು ಹೆದರಿ ನಾನು ಅವಳ ಮುಖ ನೋಡಲಿಲ್ಲ. ಅವಳು ಅಳಲಿಲ್ಲ. "ಅಜ್ಜಿ, ನಿಮ್ಮ ಸಿದ್ಧಾಂತ ಸರಿಯಾಗಿದೆ" ಎಂದಳು. "ಇಡೀ ಕ್ಲಾಸಲ್ಲಿ ಸ್ವಂತ ದುಡ್ಡಲ್ಲಿ ಓದಿದ್ದು ನೀವೊಬ್ರೇ."

ಅದೇ ಮಧ್ಯಾಹ್ನ ಬ್ಯಾಂಕಿಗೆ ಹೋಗಿ ಅವಳ ಮುಂದಿನ ಅವಧಿಯ ಫೀಸು ಪೂರ್ತಿ ಕಟ್ಟಿ ಬಂದೆ. ಕೋಳಿ ಅಂಗಡಿಯ ಕೆಲಸವನ್ನೂ ಬಿಡಿಸಿದೆ. ಪ್ರಯೋಗ ಮುಗಿಯಿತೆಂದು ಊಟದ ಮೇಜಿನಲ್ಲಿ ಘೋಷಿಸಿದೆ.

"ಎಲ್ಲಿ ಮುಗೀತು?" ಎಂದಳು ಸೊದಾಮ್. ಅವಳು ನೇರಳೆ ಬಣ್ಣದ ಸೀಸೆ ತೆರೆದು ಒಂದೊಂದೇ ಉಗುರಿಗೆ ನಿಧಾನವಾಗಿ ಹಚ್ಚಿಕೊಳ್ಳುತ್ತಿದ್ದಳು. "ಮುಂದಿನ ಸಲ ಯಾವ ವಿಷಯ ತಗೋತೀರಿ, ಮೊದಲೇ ಹೇಳಿ. ನಾನೂ ಅದನ್ನೇ ತಗೋತೀನಿ."

"ಯಾಕೆ?"

"ಮುಂದಿನ ಸಲ ನಿಮಗೆ ಪುಕ್ಕಟೆ ಅಲ್ವಾ ಅಜ್ಜಿ? ನೀವು ಹೇಗೂ ಓದಲ್ಲ."