ಹರಿಹರದ ಗೋದಲಿಗೆ ನಾಸ್ತಿಕ ತೀರ್ಪುಗಾರ

ನಾಸ್ತಿಕರಿಗೂ ಒಂದು ಕಾಲ ಬರುತ್ತದೆ ಎಂದು ನಾನು ಬಹಳ ದಿನಗಳಿಂದ ಹೇಳುತ್ತಿದ್ದೆ. ಯಾರೂ ನಂಬಿರಲಿಲ್ಲ. ನಂಬುವುದು ಬಿಡುವುದು ಅವರವರ ಇಷ್ಟ. ಆ ಕಾಲ ಕಳೆದ ಡಿಸೆಂಬರ್‌ನಲ್ಲಿ ಬಂತು.

ಡಿಸೆಂಬರ್ ಬಂದರೆ ದಾವಣಗೆರೆಯಲ್ಲಿ ಎಲ್ಲರಿಗೂ ಏನಾದರೊಂದು ಇರುತ್ತದೆ. ನಮ್ಮ ಕೆ.ಬಿ. ಬಡಾವಣೆಯ ಬೇಕರಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗುತ್ತವೆ. ಬಟ್ಟೆ ಅಂಗಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ಕಿನ ಕ್ರಿಸ್‌ಮಸ್ ಮರ ನಿಲ್ಲುತ್ತದೆ. ಅಂಗಡಿಯವರು ದಿನಾ ಬೆಳಿಗ್ಗೆ ಗಣಪತಿಗೆ ಬೆಳಗಿದ ಊದಿನಕಡ್ಡಿಯನ್ನು ಅದಕ್ಕೂ ಒಂದು ಸುತ್ತು ತೋರಿಸಿ ಒಳಗೆ ಹೋಗುತ್ತಾರೆ. ಪಕ್ಕದ ಮನೆಯ ಗುಮಾಸ್ತರು ಅಯ್ಯಪ್ಪನ ಮಾಲೆ ಹಾಕಿ ಕಪ್ಪು ಬಟ್ಟೆ ಉಟ್ಟ ಕೂಡಲೇ ಅವರ ಹೆಂಡತಿಯೂ ಅವರನ್ನು "ಸ್ವಾಮಿ" ಎಂದು ಕರೆಯತೊಡಗುತ್ತಾರೆ. ಅವ್ವ ಸಂಕ್ರಾಂತಿಗೆಂದು ಈಗಿನಿಂದಲೇ ಕೊಬ್ಬರಿ ಹೆಚ್ಚಲು ಕೂರುತ್ತಾಳೆ. ನಾಸ್ತಿಕನಿಗೆ ಉಳಿಯುವುದು ಚಳಿ ಮಾತ್ರ.

"ಹಬ್ಬ ಇಲ್ಲ ಅಂತೀಯ, ಹಬ್ಬದ ರಜೆ ಯಾಕ ತಗೋತೀಯ?" ಎಂದು ಅವ್ವ ಕೇಳುತ್ತಾಳೆ.

"ಅದು ನಾಗರಿಕನ ಹಕ್ಕು ಅವ್ವ."

"ಎಳ್ಳು-ಬೆಲ್ಲ ತಿಂತೀಯಲ್ಲ?"

"ಅದು ಪೌಷ್ಟಿಕಾಂಶ."

ನಾನು ಕಾನೂನು ಓದುತ್ತಿರುವವನು. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಮನೆ ತುಂಬ ಇವೆ. ಅವ್ವ ಅವುಗಳಲ್ಲಿ ಸಾಸಿವೆ, ಮೆಂತ್ಯ, ಜೀರಿಗೆ ತುಂಬಿ ಇಟ್ಟಿದ್ದಾಳೆ. ಇಂಥ ನನಗೆ ಒಂದು ಸಂಜೆ ಫಿಲೋಮಿನಾ ಟೀಚರ್ ಫೋನ್ ಮಾಡಿದರು. ಹೈಸ್ಕೂಲಿನಲ್ಲಿ ನನ್ನನ್ನು ಮೊದಲು ವೇದಿಕೆ ಹತ್ತಿಸಿದವರು ಅವರೇ. ನಿವೃತ್ತರಾಗಿ ಈಗ ಹರಿಹರದಲ್ಲಿದ್ದಾರೆ.

"ಲೋ ವಿನಯ, ಈಗ್ಲೂ ದೇವ್ರಿಲ್ಲ ಅಂತೀಯೇನೋ?"

"ಸಾಬೀತಾಗಿಲ್ಲ ಅಂತೀನಿ ಟೀಚರ್."

"ಮನಸ್ಸು ಬದಲಾಗಿಲ್ಲ ತಾನೆ? ಖಾತ್ರಿನಾ?"

"ಖಾತ್ರಿ."

"ದೇವ್ರು ದೊಡ್ಡೋನು," ಎಂದು ಟೀಚರ್ ನಿಟ್ಟುಸಿರು ಬಿಟ್ಟರು. "ಹಂಗಾದ್ರೆ ನಾಳೆ ಸಂಜೆ ಹರಿಹರಕ್ಕೆ ಬಾ. ನೀನೇ ಜಡ್ಜ್."

ವಿಷಯ ಇಷ್ಟು. ಅವರು ಇರುವಲ್ಲಿ ಮೇಲಿನ ಓಣಿ, ಕೆಳಗಿನ ಓಣಿ ಎಂದು ಎರಡು ಓಣಿಗಳು. ಕ್ರಿಸ್‌ಮಸ್‌ಗೆ ಎರಡೂ ಕಡೆ ಗೋದಲಿ ಕಟ್ಟುತ್ತಾರೆ: ಯೇಸು ಹುಟ್ಟಿದ ದನದ ಕೊಟ್ಟಿಗೆ, ಸುತ್ತ ಬೆಟ್ಟ, ಮಣ್ಣಿನ ಗೊಂಬೆಗಳು, ದೀಪ. ಯಾವುದು ಚೆಂದ ಎಂದು ಹಬ್ಬದ ಹಿಂದಿನ ಸಂಜೆ ಸ್ಪರ್ಧೆ. ಹೋದ ವರ್ಷದ ತೀರ್ಪುಗಾರರು ಮೇಲಿನ ಓಣಿಯ ಒಬ್ಬರ ಷಡ್ಡಕರೆಂದು ಫಲಿತಾಂಶ ಓದಿದ ಮೇಲೆ ಗೊತ್ತಾಗಿ, ದೊಡ್ಡ ಜಗಳವಾಯಿತು. ಒಂದೇ ಶಾಮಿಯಾನದಡಿ ನಡೆಯುತ್ತಿದ್ದ ಹಬ್ಬದ ಊಟ ಎರಡಾಯಿತು. ಅಂದಿನಿಂದ ಎರಡು ಓಣಿಗೂ ಮಾತಿಲ್ಲ.

"ಈ ಸಲಾನೂ ಜಗಳ ಆದ್ರೆ ಸ್ಪರ್ಧೆನೂ ಬ್ಯಾಡ, ಒಟ್ಟಿಗೆ ಊಟಾನೂ ಬ್ಯಾಡ, ಇನ್ನ ಮುಗೀತು ಅಂದ್ಬಿಟ್ಟಾರೆ," ಎಂದರು ಟೀಚರ್. ದನಿ ಸಣ್ಣದಾಗಿತ್ತು. "ಯಾರ ಹೆಸರು ಹೇಳಿದ್ರೂ ಆ ಕಡೆಯೋರು, ಈ ಕಡೆಯೋರು ಅಂತಾರಪ್ಪ. ನೀನಾದ್ರೆ ಮೇಲಿರೋನ ಕಡೆನೂ ಅಲ್ಲ."

ನಾನು ಎದ್ದು ನಿಂತೇ ಒಪ್ಪಿಕೊಂಡೆ. ನಾಸ್ತಿಕತೆಯನ್ನು ಒಂದು ಅರ್ಹತೆಯೆಂದು ಪರಿಗಣಿಸಿ, ಹಬ್ಬದ ದಿನ ಕುರ್ಚಿ ಹಾಕಿ ಕೂರಿಸುವ ಘಟನೆ ದಾವಣಗೆರೆ ಜಿಲ್ಲೆಯಲ್ಲೇ ಮೊದಲಿರಬೇಕು.

ಮರುದಿನ ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹರಿಹರದ ಬಸ್ಸು ಹತ್ತಿದೆ. ಮಧ್ಯಾಹ್ನ ಊಟ ಮಾಡಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ತರ್ಕ ಚುರುಕಾಗಿರುತ್ತದೆ ಎಂಬುದು ನನ್ನ ಸಿದ್ಧಾಂತ.

ಟೀಚರ್ ನನ್ನನ್ನು ಮೊದಲು ಮೇಲಿನ ಓಣಿಗೆ ಕರೆದೊಯ್ದರು. ಗೋದಲಿಯ ಉಸ್ತುವಾರಿ ಹೊಲಿಗೆ ಅಂಗಡಿಯ ರೀಟಮ್ಮನವರದು. ಹತ್ತಿಯ ಮೋಡಗಳ ಕೆಳಗೆ ಕೊಟ್ಟಿಗೆ. ಅದರ ಸುತ್ತ ಒಂದು ಆಟಿಕೆ ರೈಲು ಗಿರಗಿರ ಓಡುತ್ತಿತ್ತು.

"ಬೆತ್ಲೆಹೇಮಿನಲ್ಲಿ ರೈಲೇ?" ಎಂದು ನನ್ನ ಮೊದಲ ಪ್ರಶ್ನೆ ಎಸೆದೆ.

"ಹರಿಹರಕ್ಕೇ ರೈಲು ಐತೆ ಸಾರ್, ದೇವ್ರ ಊರಿಗೆ ಬ್ಯಾಡ್ವಾ?" ಎಂದರು ರೀಟಮ್ಮ.

ಬಲವಾದ ಉತ್ತರ. ಆದರೆ ಅಷ್ಟರಲ್ಲಿ ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡ ಲೋಪ ಬಿದ್ದಿತ್ತು. ಎರಡೂ ಓಣಿಯ ಜನ ಸೇರಿದ್ದರು. ನಾನು ಗಂಟಲು ಸರಿಮಾಡಿಕೊಂಡೆ.

"ಮಾನ್ಯರೇ, ಮೇರಿ ಇದ್ದಾರೆ, ಜೋಸೆಫರು ಇದ್ದಾರೆ, ಕುರಿ ಇವೆ, ರೈಲೂ ಇದೆ. ಆದರೆ ಯಾರ ಸಲುವಾಗಿ ಈ ಸಮಸ್ತ ಏರ್ಪಾಡೋ, ಆ ಪ್ರಧಾನ ವ್ಯಕ್ತಿಯೇ ಗೈರುಹಾಜರು! ತೊಟ್ಟಿಲು ಖಾಲಿ ಇದೆ. ಇಂಥ ಅಕ್ಷಮ್ಯ ನಿರ್ಲಕ್ಷ್ಯಕ್ಕಾಗಿ ಹತ್ತು ಅಂಕ ಕಡಿತ."

ರೀಟಮ್ಮ ಬಗ್ಗಿ ರೈಲು ನಿಲ್ಲಿಸಿದರು.

"ಇನ್ನೂ ಹುಟ್ಟಿಲ್ಲ ಸಾರ್," ಎಂದರು ರೀಟಮ್ಮ ಮೆಲ್ಲಗೆ. "ನಡುರಾತ್ರಿ ಹುಟ್ತಾನೆ. ಆಮೇಲೆ ಇಡೋದು."

"ವಕೀಲ್ರಿಗೆ ಬಸ್ಸಿನ ಅವಸರ ಐತೇನೋ, ಹೆರಿಗೆ ಬೇಗ ಆಗ್ಬೇಕಂತೆ," ಎಂದು ಹಿಂದಿನಿಂದ ಯಾರೋ ಅಂದರು.

ಹತ್ತು ಅಂಕ ವಾಪಸು ಕೊಟ್ಟೆ. ಕೊಟ್ಟದ್ದೇ ತಪ್ಪಾಯಿತು. "ನೋಡ್ರಿ, ಶುರುವಾತು ಮೇಲಿನೋಣಿ ಕಡೆ ವಾಲೋದು," ಎಂದು ಕೆಳಗಿನ ಓಣಿಯವರು ಗೊಣಗಿದರು. ಟೀಚರ್ ನನ್ನ ಮೊಣಕೈ ಹಿಡಿದು, "ಇನ್ನೊಂದ್ಕಡೆ ಸ್ವಲ್ಪ ಸಮಾಧಾನದಿಂದ ಮಾತಾಡೋ," ಎಂದರು. ಸಮಾಧಾನದಿಂದ ಮಾತಾಡಿ ಗೆದ್ದ ಕಪ್ಪು ಒಂದೂ ನಮ್ಮ ಮನೆಯಲ್ಲಿಲ್ಲ.

ಕೆಳಗಿನ ಓಣಿಯ ಗೋದಲಿ ಕಟ್ಟಿದವರು ಸೆಂಟ್ರಿಂಗ್ ಕೆಲಸದ ಅಂತೋಣಪ್ಪ. ನನ್ನ ಎದೆಮಟ್ಟದ ಬೆಟ್ಟ ಎಬ್ಬಿಸಿದ್ದರು. ಬೆಟ್ಟವಿಡೀ ಬಿಳಿ, ಮೇಲೆ ಮಿಣಮಿಣ ಹೊಳಪು. ಎರಡೂ ಓಣಿಗೆ ದೀಪ ಹಾಕುವ ಖಾಜಾ ಸಾಬರು ಏಣಿಯ ಮೇಲೆ ನಿಂತು ನಕ್ಷತ್ರ ಕಟ್ಟುತ್ತಿದ್ದರು.

"ಇದೇನು ಬಿಳಿ?" ಎಂದೆ.

"ಹಿಮ ಸಾರ್."

"ಬೆತ್ಲೆಹೇಮಿನಲ್ಲಿ ಅವತ್ತು ಹಿಮ ಬಿದ್ದಿತ್ತು ಅನ್ನೋದಕ್ಕೆ ಆಧಾರ?"

ಅಂತೋಣಪ್ಪ ಪೆಚ್ಚಾದರು. "ಡಿಸೆಂಬರ್ ಅಲ್ವಾ ಸಾರ್?"

"ದಾವಣಗೆರೆಯಲ್ಲೂ ಡಿಸೆಂಬರ್ ಇದೆ. ನಮ್ಮೂರ ಆನೆಕೊಂಡದಲ್ಲಿ ಹಿಮ ಬಿದ್ದದ್ದು ಯಾರಾದರೂ ಕಂಡಿದ್ದೀರಾ?"

ಅಲ್ಲಿಂದ ನನ್ನನ್ನು ಹಿಡಿಯುವವರಿರಲಿಲ್ಲ. ಮರುಭೂಮಿಯ ಹವಾಮಾನ, ಕುರಿಗಳ ಮೇವಿನ ಕಾಲ, ಕ್ಯಾಲೆಂಡರುಗಳ ಗೊಂದಲ, ಒಂದರ ಮೇಲೊಂದು ಮಂಡಿಸಿದೆ. ವಾದಿಸುವಾಗ ನನ್ನ ಎಡಗೈ ಗಾಳಿಯಲ್ಲಿರುತ್ತದೆ. ಬಲಗೈ ಏನು ಮಾಡುತ್ತದೆ ಎಂದು ನಾನು ಯಾವತ್ತೂ ಗಮನಿಸಿದವನಲ್ಲ. ಜನ ಬಾಯಿ ತೆರೆದು ನೋಡುತ್ತಿದ್ದರು. ನನ್ನ ವಾಗ್ಝರಿಯ ಪ್ರಭಾವವೆಂದು ಇನ್ನಷ್ಟು ಏರಿದೆ.

"ಸಾರ್," ಎಂದರು ಖಾಜಾ ಸಾಬರು ಏಣಿಯ ಮೇಲಿಂದ, "ಬೆಟ್ಟ ಕರಗ್ತಾ ಐತ್ರಿ."

ತಿರುಗಿ ನೋಡಿದೆ. ಬೆಟ್ಟದ ಇಡೀ ಬಲಮಗ್ಗುಲು ಬೋಳಾಗಿ, ಒಳಗಿನ ಸಿಮೆಂಟ್ ಚೀಲದ ಕಾಗದ ಕಾಣುತ್ತಿತ್ತು. ನನ್ನ ಬಲಗೈಯಲ್ಲಿ ಒಂದು ಹಿಡಿ ಹಿಮ ಇತ್ತು. ಬಾಯಲ್ಲಿ ಇನ್ನೊಂದು ಹಿಡಿ.

ಮಂಡಕ್ಕಿ!

ದಾವಣಗೆರೆಯಲ್ಲಿ ಹುಟ್ಟಿದವನ ಮುಂದೆ ಮಂಡಕ್ಕಿಯ ಗುಡ್ಡೆ ಹಾಕಿ, ಮೇಲೆ ವಾದಕ್ಕೆ ವಿಷಯವನ್ನೂ ಕೊಟ್ಟರೆ ಕೈ ತನ್ನ ಧರ್ಮ ಪಾಲಿಸದೆ ಇರುತ್ತದೆಯೇ? ನನಗೆ ಬೇರೆ ಧರ್ಮ ಇಲ್ಲದಿರಬಹುದು, ಅದೊಂದು ಇದೆ.

"ಹಂಗೇ ತಿಂದ್ರಾ ಸಾರ್, ಒಗ್ಗರಣೆ ಇಲ್ದೆ?" ಎಂದು ಒಬ್ಬರು ಮರುಗಿದರು.

"ಅಂಟು ಮೈದಾ ಹಿಟ್ಟಿಂದೇ, ಹೆದರ್ಬ್ಯಾಡ್ರಿ," ಎಂದರು ಅಂತೋಣಪ್ಪನ ಹೆಂಡತಿ. "ಚಮಕಿ ಒಂದಿಷ್ಟು ಹೋಗಿರ್ತೈತೆ."

ನನ್ನ ಮೀಸೆ ಆಗಲೇ ಹೊಳೆಯುತ್ತಿತ್ತಂತೆ.

ಕೆಳಗಿನ ಓಣಿಯವರಿಗೆ ಸಿಟ್ಟು ಬಂತು. "ಹಸಿದೋನ್ನ ಹುಡುಕಿ ಕರ್ಸ್ಯಾರೆ, ಇದು ಮೇಲಿನೋಣಿ ಮಸಲತ್ತು," ಎಂದು ಒಬ್ಬ ಕೂಗಿದ. "ಹಂಗಾರೆ ನಮ್ದೂ ತಿನ್ಲಿ ಬಿಡ್ರಿ, ಸಮ ಆಗ್ಲಿ. ನಮ್ದು ಹತ್ತಿ," ಎಂದಿತು ಮೇಲಿನ ಓಣಿ. ಟೀಚರ್ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಅವರ ಒಂದು ವರ್ಷದ ಪ್ರಯತ್ನವನ್ನು ನಾನು ಮಗ್ಗುಲು ಸಮೇತ ನುಂಗಿದ್ದೆ.

ಅಂತೋಣಪ್ಪ ಮಾತ್ರ ಜಗಳಕ್ಕೆ ಬರಲಿಲ್ಲ. ಬೋಳು ಬೆಟ್ಟದ ಮುಂದೆ ಕೈಚೆಲ್ಲಿ ನಿಂತಿದ್ದರು. "ಫಾದರ್ ಆಶೀರ್ವಾದಕ್ಕೆ ಈಗ ಬಂದೇಬಿಡ್ತಾರೆ. ಹದಿನೈದು ದಿನ ಕೆಲ್ಸ ಬಿಟ್ಟು ಕಟ್ಟಿದ್ದೆ," ಎಂದರು, ಯಾರಿಗೂ ಅಲ್ಲ ಎನ್ನುವ ಹಾಗೆ.

ಗದ್ದಲ ನಿಂತಿತು. ರೀಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಯಾಕ ಹಂಗ್ ನಿಂತಿ ಅಂತೋಣಪ್ಪ? ನಮ್ಮನ್ಯಾಗೆ ಒಂದ್ ಚೀಲ ಮಂಡಕ್ಕಿ ಐತೆ. ಅಂಟು ಕಲಸು, ತರಿಸ್ತೀನಿ."

ಒಂದು ವರ್ಷದಲ್ಲಿ ಎರಡು ಓಣಿಗಳ ನಡುವೆ ನಡೆದ, ಜಗಳವಲ್ಲದ ಮೊದಲ ಮಾತು ಅದು. ಅಂತೋಣಪ್ಪ ರೀಟಮ್ಮನ ಮುಖ ನೋಡಿದರು. ಆಮೇಲೆ, "ಅಕ್ಕ, ಮೈದಾನೂ ಇದ್ರೆ ನೋಡ್ರಿ," ಎಂದರು.

ಚೀಲ ಬಂತು. ಮೇಲಿನ ಓಣಿಯವರು ಕೆಳಗಿನ ಓಣಿಯ ಬೆಟ್ಟಕ್ಕೆ ಹಿಮ ಹಚ್ಚಿದರು. ಮಂಡಕ್ಕಿ ಅಂಟದ ಕಡೆ ತಮ್ಮ ಹತ್ತಿಯ ಮೋಡವನ್ನೇ ಹರಿದು ತಂದು ಅಂಟಿಸಿದರು. ನಾನೂ ಕೈಜೋಡಿಸಲು ಹೋದೆ.

"ನೀವು ದೂರ ಕೂಡ್ರಿ ಸಾರ್," ಎಂದವು ಎರಡು ಓಣಿಗಳೂ ಒಂದೇ ದನಿಯಲ್ಲಿ. ಅವು ಸರ್ವಾನುಮತದಿಂದ ಅಂಗೀಕರಿಸಿದ ಪ್ರಥಮ ನಿರ್ಣಯ ಅದೇ. ನನಗೆ ಕುರ್ಚಿ ಹಾಕಿ, ಕೈ ಎರಡನ್ನೂ ಎಲ್ಲರಿಗೂ ಕಾಣುವಂತೆ ಮೊಣಕಾಲ ಮೇಲೆ ಇಡಲು ಹೇಳಿದರು. ಉಳಿದ ಮಂಡಕ್ಕಿಗೆ ಈರುಳ್ಳಿ, ಖಾರ ಬಿತ್ತು. ಯಾರೋ ಬಿಸಿ ಮಿರ್ಚಿ ಬಜ್ಜಿ ತಂದರು. ಅಪರಾಧಿಗೂ ಒಂದು ಪಾಲು ಸಿಕ್ಕಿತು.

ನಾನು ಎದ್ದು, ಸ್ಪರ್ಧೆಯ ವಸ್ತುವನ್ನೇ ಸೇವಿಸಿರುವ ಕಾರಣ ತೀರ್ಪು ನೀಡಲು ಅನರ್ಹನೆಂದು ಘೋಷಿಸಿದೆ.

"ತೀರ್ಪು ಯಾರಿಗ್ ಬೇಕ್ರಿ," ಎಂದರು ಅಂತೋಣಪ್ಪ. "ಅಕ್ಕ, ನಾಳೆ ಊಟ?"

"ಎರಡೂ ಓಣಿ ನಡುವೆ ಶಾಮಿಯಾನ ಹಾಕ್ಸು. ಒಂದೇ ಪಂಕ್ತಿ," ಎಂದರು ರೀಟಮ್ಮ.

ಟೀಚರ್ ಕಣ್ಣೊರೆಸಿಕೊಂಡರು. ನನ್ನ ಎದೆ ಉಬ್ಬಿತು. ಆಸ್ತಿಕರೆಲ್ಲ ಸೇರಿ ಒಂದು ವರ್ಷ ಪ್ರಾರ್ಥಿಸಿದರೂ ಆಗದ್ದನ್ನು ಒಬ್ಬ ನಾಸ್ತಿಕ ಬರಿಗೈಯಲ್ಲಿ, ಅದೂ ಬಲಗೈ ಒಂದರಲ್ಲೇ, ಒಂದು ಸಂಜೆಯೊಳಗೆ ಸಾಧಿಸಿದ್ದ. ಈ ವಿಜಯದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಮನಸ್ಸಿನಲ್ಲೇ ಭಾಷಣ ಕಟ್ಟತೊಡಗಿದೆ.

ಅಷ್ಟರಲ್ಲಿ ಫಾದರ್ ಬಂದರು. ನಡೆದದ್ದನ್ನೆಲ್ಲ ಟೀಚರ್ ಅವರ ಕಿವಿಯಲ್ಲಿ ಹೇಳಿದರು. ಫಾದರ್ ನನ್ನ ಮೀಸೆಯನ್ನು ಬಹಳ ಹೊತ್ತು ನೋಡಿ, ಎರಡೂ ಗೋದಲಿಗಳನ್ನು ಆಶೀರ್ವದಿಸಿ, ಜನರ ಕಡೆ ತಿರುಗಿದರು.

"ದೇವರು ಯಾರ ಬಾಯಿಂದ ಕೆಲಸ ಮಾಡಿಸ್ತಾನೆ ಅಂತ ಹೇಳೋಕಾಗಲ್ಲ. ಬೈಬಲ್‌ನಾಗೆ ಐತೆ, ಹಿಂದಿನ ಕಾಲದಾಗೆ ಒಮ್ಮೆ ಕತ್ತೆ ಬಾಯಿಂದ ಬುದ್ಧಿ ಹೇಳಿಸಿದ್ದ. ಈ ಸಲ ದಾವಣಗೆರೆಯಿಂದ ಕಳ್ಸ್ಯಾನೆ."

ಎರಡು ಓಣಿಗಳೂ ಚಪ್ಪಾಳೆ ತಟ್ಟಿದವು. ಅಷ್ಟು ಚಪ್ಪಾಳೆ ನನಗೆ ಯಾವ ವೇದಿಕೆಯಲ್ಲೂ ಬಿದ್ದಿಲ್ಲ. ಆದರೂ ತತ್ತ್ವ ತತ್ತ್ವವೇ. ನನ್ನನ್ನು ಕಳಿಸಿದ್ದು ದೇವರಲ್ಲ, ಟೀಚರ್ ಎಂಬುದು ಒಂದು ಆಕ್ಷೇಪಣೆ. ಆ ಹೋಲಿಕೆಯ ಬಗ್ಗೆ ಇನ್ನೊಂದು. ಎರಡನ್ನೂ ಮಂಡಿಸಲು ಎದ್ದು ನಿಂತು ಬಾಯಿ ತೆರೆದೆ. ಬಾಯಿ ತುಂಬ ಬಿಸಿ ಮಿರ್ಚಿ ಇತ್ತು.

ಹೊರಟ ಸದ್ದು ಫಾದರ್ ಹೇಳಿದ್ದನ್ನೇ ಸಮರ್ಥಿಸಿತು.