ಬೆಟ್ಟ ಮಾಡುವ ಗಾದಿ

ಭೂಗೋಳದ ಟೀಚರ್ ಗಂಭೀರವಾಗಿರಬೇಕೆಂದು ನಾನು ದಿನಾ ಬೆಳಿಗ್ಗೆ ನಿಶ್ಚಯಿಸುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪಾಠ ಮಾಡುತ್ತಿದ್ದ ದಾವಣಗೆರೆಯ ನಿಟ್ಟುವಳ್ಳಿ ಹೈಸ್ಕೂಲು ಮಾತ್ರ ಮಧ್ಯಾಹ್ನದೊಳಗೆ ಅದನ್ನು ಮುರಿಸುತ್ತಿತ್ತು.

ಹಿಮಾಲಯಕ್ಕೆ ಒದೆ

ಎರಡೂ ಕಡೆಯಿಂದ ಒತ್ತಿದರೆ ಭೂಮಿಯ ಪದರ ಮಡಿಚಿಕೊಂಡು ಬೆಟ್ಟವಾಗಿ ಏಳುತ್ತದೆ ಎಂದು ತೋರಿಸಲು, ಹತ್ತನೇ ಕ್ಲಾಸಿನಲ್ಲಿ ಜಮಖಾನ ಹಾಸಿ ಎರಡೂ ತುದಿ ತಳ್ಳಿಸಿದೆ. ಹಿಮಾಲಯ ಚೆನ್ನಾಗಿ ಎದ್ದಿತು. ಅಷ್ಟರಲ್ಲಿ ಬಂದ ಹೆಡ್‌ಮಾಸ್ಟರು ಅದನ್ನು ಕಾಲಿನಿಂದಲೇ ಸಪಾಟು ಮಾಡಿ, "ಶಿಸ್ತು ಇರ್ಬೇಕ್ರಿ" ಅಂದು ಹೊರಟುಹೋದರು.

ಹಿಂದಿನ ಬೆಂಚಿನಿಂದ ಗಾದಿ ಸಾಬರ ಮಗಳು ನಿಟ್ಟುಸಿರು ಬಿಟ್ಟಳು. "ಕೋಟಿ ವರ್ಷದ ಕೆಲಸ ಟೀಚರ್, ಒಂದೇ ಒದೆಗೆ ಹೋತು!"

ಹರಿಹರದ ಬಂಡೆ

ಆ ಹುಡುಗಿ ಅಂದರೆ ನನಗೆ ಪ್ರಾಣ. ಅವಳಪ್ಪ ಅರಳೆ ತುಂಬಿ ಗಾದಿ ಹೊಲಿಯುವವರು. ಹತ್ತನೇದು ಮುಗಿದರೆ ಓದು ಸಾಕು, ಸೂಜಿ ಹಿಡಿಯಲಿ ಎಂದುಬಿಟ್ಟಿದ್ದರು. ಹೇಗಾದರೂ ಅವರ ಮನಸ್ಸು ತಿರುಗಿಸಬೇಕೆಂದು, ಹರಿಹರದ ಹೊಳೆದಂಡೆಗೆ ಕ್ಲಾಸು ಕರೆದೊಯ್ಯುವಾಗ ಅವರನ್ನೂ ಕರೆದೆ.

ಅಲ್ಲೊಂದು ಬಂಡೆಯಲ್ಲಿ ಕಪ್ಪು ಬಿಳಿ ಪಟ್ಟೆಗಳು ಮಡಿಚಿಕೊಂಡಿದ್ದವು. ಸಾಬರು ಕುಕ್ಕರಗಾಲಲ್ಲಿ ಕೂತು ಅದನ್ನು ಸವರಿದರು. "ನೋಡ್ರಿ ಟೀಚರಮ್ಮ, ದಪ್ಪನ ಪದರಕ್ಕೆ ಎರಡೇ ದೊಡ್ಡ ಮಡಿಕೆ. ತೆಳ್ಳಂದಕ್ಕೆ ಎಷ್ಟೊಂದು ಸಣ್ಣ ಸುಕ್ಕು! ಗಾದಿ ಒತ್ತಿದ್ರೂ ಹಿಂಗೇ, ಚಾದರ ಒತ್ತಿದ್ರೂ ಹಿಂಗೇ."

ಹತ್ತು ವರ್ಷ ಪಾಠ ಮಾಡಿದ ನನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ. ಇದೇ ಸಮಯ ಅಂದುಕೊಂಡು, "ಇದನ್ನೇ ಕಾಲೇಜಲ್ಲಿ ಕಲಿಸ್ತಾರೆ. ಮಗಳನ್ನ ಕಳಿಸ್ರಿ" ಅಂದೆ.

"ನನಗೇ ಗೊತ್ತೈತಲ್ಲ, ಕಾಲೇಜು ಯಾಕ? ಮನ್ಯಾಗೇ ಹೇಳ್ಕೊಡ್ತೀನಿ!"

ನಾನು ಬಿಟ್ಟ ಬಾಣ ನನಗೇ ತಿರುಗಿತ್ತು. ಹುಡುಗಿಯ ಮುಖ ನೋಡಲಾಗಲಿಲ್ಲ. ಅವಳೇ ಅಪ್ಪನನ್ನು ಮೆಲ್ಲಗೆ ಕೇಳಿದಳು: "ಅಬ್ಬಾ, ಗಾದಿ ಮೆತ್ತಗೈತೆ, ಬಗ್ಗುತ್ತೆ. ಇಂಥ ಗಟ್ಟಿ ಕಲ್ಲು ಮುರೀದೆ ಹೆಂಗೆ ಬಗ್ತು?"

ಬಸ್ಸು ದಾವಣಗೆರೆ ಮುಟ್ಟುವವರೆಗೂ ಸಾಬರು ಹೊಳೆದಂಡೆಯ ಒಂದು ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಲು ನೋಡುತ್ತಿದ್ದರು.

ಕಾಲೇಜಿನ ಬಾಗಿಲಲ್ಲಿ

ಜೂನ್ ತಿಂಗಳಲ್ಲಿ ಸಾಬರು ಹೇಳಿಕಳಿಸಿದರು, ಕಾಲೇಜಿನ ಹತ್ತಿರ ಬರ್ರಿ ಅಂತ. ಓಡಿದೆ. ಆಫೀಸಿನ ಮುಂದೆ ಮಗಳು ಅರ್ಜಿ ಹಿಡಿದು ನಿಂತಿದ್ದಳು. ಭೂವಿಜ್ಞಾನಕ್ಕೇ ಅರ್ಜಿ ಹಾಕಿದ್ದಳು. ನನಗೆ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಸಾಬರು, ಅವರ ಹೆಗಲ ಮೇಲೆ ಸುತ್ತಿದ ಹೊಸ ಗಾದಿ.

ಗುಮಾಸ್ತರು ಸಿಡುಕಿದರು. "ನಮ್ಮಲ್ಲಿ ಹಾಸ್ಟೆಲ್ ಇಲ್ಲ ಸಾಬ್ರೇ. ಗಾದಿ ವಾಪಸ್ ತಗೊಂಡು ಹೋಗ್ರಿ."

ಸಾಬರು ಅದನ್ನು ಅವರ ಮೇಜಿನ ಮೇಲೇ ಇಳಿಸಿದರು.

"ಮಲಗಾಕಲ್ಲ ಸ್ವಾಮಿ, ಬೆಟ್ಟ ಮಾಡಾಕೆ! ಟೀಚರಮ್ಮನ ಜಮಖಾನ ಭಾಳ ತೆಳ್ಳಗಿತ್ತಂತೆ."